ಮಿಲಿಟ್ರೀಲಿ ಪ್ರೀತಿ ಮಾಡಿದರೆ ತಪ್ಪಾ?

ಹೋದ ಭಾನುವಾರ ನಮ್ಮ ಜಗಲಿ ಮೇಲೆ ನಾವು ಐದು ಜನ ಹೆಂಗಸರು ಅವರೆಕಾಯಿ ಸುಲೀತಾ ಕೂತಿದ್ವಿ. ಈ ಸಲ ಚಳಿ ಚೆನ್ನಾಗಿ ಬಿದ್ದೈತೆ, ಕಾಯಿ ಸೊಗಡು ಅಂದ್ರೆ ಸೊಗಡು, ಬೆರಳೆಲ್ಲಾ ಅಂಟಂಟು. ಒಂದು ಮಂಕರಿ ಕಾಯಿ ಮುಗಿಯೋಷ್ಟರಲ್ಲಿ ಬೀದಿ ಸುದ್ದಿ ಎಲ್ಲಾ ಮುಗಿದು, ಮಾತು ನಮ್ಮ ಓರಗಿತ್ತಿ ಮಗಳ ಕಡೆಗೆ ತಿರುಗ್ತು. ಆ ಹುಡುಗಿ ಶಿಡ್ಲಘಟ್ಟದಲ್ಲಿ ಪಿಯುಸಿ ಮುಗಿಸಿ ಅಗ್ನಿವೀರ್‌ಗೆ ಓದ್ತಾವ್ಳೆ. ಮಿಲಿಟ್ರಿ ಪೊಲೀಸ್‌ಗೆ ಹೆಣ್ಮಕ್ಕಳನ್ನ ತಗೊಳ್ತಾರಲ್ಲ, ಅದಕ್ಕೆ. ಬೆಳಗ್ಗೆ ಐದಕ್ಕೆಲ್ಲಾ ಎದ್ದು ಗ್ರೌಂಡಲ್ಲಿ ಓಡ್ತಾಳೆ. ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪು ಸೊಪ್ಪು ಅಂತಿದ್ರೂ ಅವಳ ಓಟ ಮಾತ್ರ ತಪ್ಪಲ್ಲ. ಓಡಿ ಬಂದು ಸೊಪ್ಪು ಹಾಕ್ತಾಳೆ ಅನ್ನಿ.

ಮೂಲೆ ಮನೆ ಅತ್ತೆ ಅಂದ್ರು, "ಅಲ್ಲ ಕಣಮ್ಮ, ಗಂಡುಡುಗ್ರ ಮಧ್ಯದಲ್ಲಿ ಬಿಡ್ತೀರಾ ವಯಸ್ಸಿಗೆ ಬಂದ ಮಗೀನ? ಯುದ್ಧ ಮಾಡೋಕೆ ಹೋಗ್ತಾವ್ರೋ ಜೋಡಿ ಹುಡುಕ್ಕೊಳ್ಳೋಕೆ ಹೋಗ್ತಾವ್ರೋ!" ಎಲ್ರೂ ನಕ್ವಿ. ನಾನೂ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ಇನ್ನೊಬ್ರು ದನಿ ತಗ್ಗಿಸಿ, "ಹುಡುಗ ಹುಡುಗಿ ಆದ್ರೆ ಪರವಾಗಿಲ್ಲ ಬುಡು, ಈಗ ಗಂಡು ಗಂಡೇ ಅಂತೆ, ಮಿಲಿಟ್ರೀಲೂ ಅಂತೆ" ಅಂದ್ರು. ಅದಕ್ಕೂ ನಗು. ಹುಡುಗಿ ನೀರು ಕೊಡೋಕೆ ಬಂದಿದ್ದವಳು ಚೊಂಬು ಇಟ್ಟು ಒಳಗೆ ಹೋಗ್ಬಿಟ್ಳು. ನನ್ನ ಕೈ ಅಲ್ಲಿಗೇ ನಿಂತೋಯ್ತು.

ಯಾಕೆ ಅಂತ ಅವತ್ತು ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಬರೀತೀನಿ ಅಂತ ಈಗ ಕೂತಿದೀನಿ. ಓದಿ ಬೈಯೋರು ಬೈರಿ, ಮನೆಗೆ ಬಂದಾಗ ಕಾಫಿ ಕೊಟ್ಟೇ ಬೈಸ್ಕೋತೀನಿ.

ಮೊದಲು ನೆನಪಿಗೆ ಬಂದಿದ್ದು ಕ್ಯಾಪ್ಟನ್ ಲಕ್ಷ್ಮಿ. ನಮ್ಮ ಸ್ಕೂಲಲ್ಲಿ ಆಗಸ್ಟ್ ಹದಿನೈದಕ್ಕೆ ಅವರ ಹೆಸರು ಹೇಳೇ ಹೇಳೋರು. ಮದ್ರಾಸಿನ ಒಳ್ಳೆ ಮನೆತನದ ಡಾಕ್ಟರು, ಲಕ್ಷ್ಮಿ ಸ್ವಾಮಿನಾಥನ್. ಸಿಂಗಾಪುರದಲ್ಲಿದ್ದಾಗ 1943ರಲ್ಲಿ ಸುಭಾಷ್ ಚಂದ್ರ ಬೋಸರು ಹೆಂಗಸರದ್ದೇ ಒಂದು ದಂಡು ಕಟ್ಟಿದ್ರು, ಝಾನ್ಸಿ ರಾಣಿ ರೆಜಿಮೆಂಟ್ ಅಂತ. ಅದಕ್ಕೆ ಇವರೇ ಮುಖ್ಯಸ್ಥೆ. ಅದೇ ಸೈನ್ಯದಲ್ಲಿ ಪ್ರೇಮ್ ಕುಮಾರ್ ಸಹಗಲ್ ಅನ್ನೋ ಆಫೀಸರ್ ಇದ್ರು, ಬೋಸರ ಮಿಲಿಟರಿ ಸೆಕ್ರೆಟರಿ. ಪಂಜಾಬಿನವರು. ಒಂದೇ ಯುದ್ಧ, ಒಂದೇ ಸೈನ್ಯ, ಇಬ್ಬರೂ ಸಮವಸ್ತ್ರದವರು, ಅಲ್ಲೇ ಮನಸ್ಸು ಕೂಡ್ತು. ಯುದ್ಧ ಸೋತ ಮೇಲೆ ಬ್ರಿಟಿಷರು ಸಹಗಲ್ ಅವರನ್ನ ಕೆಂಪುಕೋಟೇಲಿ ವಿಚಾರಣೆಗೆ ನಿಲ್ಲಿಸಿದ್ರು, ಶಾ ನವಾಜ್ ಖಾನ್, ಧಿಲ್ಲೋನ್ ಜೊತೆಗೆ, 1945ರ ನವೆಂಬರಲ್ಲಿ. ಇವರು ಬರ್ಮಾದಲ್ಲಿ ಸಿಕ್ಕಿಬಿದ್ದಿದ್ರು. ಕೊನೆಗೆ ಬಿಡುಗಡೆ ಆಗಿ 1947ರ ಮಾರ್ಚಲ್ಲಿ ಲಾಹೋರಲ್ಲಿ ಮದುವೆ ಆದ್ರು. ಕಾನ್ಪುರದಲ್ಲಿ ಸಂಸಾರ, ಬಡವರಿಗೆ ಆಸ್ಪತ್ರೆ, ಇಬ್ಬರು ಹೆಣ್ಮಕ್ಕಳು. 2002ರಲ್ಲಿ ರಾಷ್ಟ್ರಪತಿ ಚುನಾವಣೆಗೆ ಅಬ್ದುಲ್ ಕಲಾಂ ಎದುರಿಗೆ ನಿಂತಿದ್ದೂ ಇವರೇ.

ಅವರ ಫೋಟೋಗೆ ಹೂವಿನ ಹಾರ ಹಾಕ್ತೀವಿ. "ಯುದ್ಧ ಮಾಡೋಕೆ ಹೋಗಿದ್ರೋ ಜೋಡಿ ಹುಡುಕೋಕೋ" ಅಂತ ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಹಾರ ಹಾಕೋಕೆ ಒಂದು ನ್ಯಾಯ, ನಮ್ಮ ಬೀದಿ ಹುಡುಗಿಗೆ ಇನ್ನೊಂದಾ?

ಹಂಗಂತ ಮಿಲಿಟ್ರೀಲಿ ಏನು ಬೇಕಾದ್ರೂ ನಡೀಲಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಕಟ್ಟುಪಾಡು ಇರಬೇಕು. ನನಗೆ ಅರ್ಥ ಆಗಿರೋ ಮಟ್ಟಿಗೆ ಇದು ನಮ್ಮ ಕೂಡು ಕುಟುಂಬದ ಅಡಿಗೆ ಮನೆ ಥರಾನೇ. ಬಡಿಸೋ ಸೌಟು ಯಾರ ಕೈಲೈತೋ ಅವರು ತನ್ನ ಮಗನಿಗೆ ಒಂದು ಮುದ್ದೆ ಜಾಸ್ತಿ ಇಟ್ರೆ ಮಿಕ್ಕವರ ಹೊಟ್ಟೆ ಉರಿಯುತ್ತೆ, ಮನೆ ಒಡೆಯುತ್ತೆ. ಸೈನ್ಯದಲ್ಲಿ ಸೌಟಲ್ಲ, ಜೀವ. ಮುಂದೆ ಯಾರು ಹೋಗಬೇಕು, ಹಿಂದೆ ಯಾರು ನಿಲ್ಲಬೇಕು ಅಂತ ಹೇಳೋ ಅಧಿಕಾರಿಗೆ ಅದೇ ದಂಡಲ್ಲಿ ಒಬ್ಬರ ಮೇಲೆ ಮೋಹ ಇದ್ರೆ ಇನ್ನೊಬ್ಬರ ಮಗ ಬಲಿ ಆಗ್ತಾನೆ. ಅದಕ್ಕಿಂತ ಕೆಟ್ಟದ್ದು, ಮೇಲಿನವನು ಕೆಳಗಿನ ಹುಡುಗಿಗೆ "ಪ್ರೀತಿ" ಅಂತ ಹೆಸರಿಟ್ಟು ಕಿರುಕುಳ ಕೊಡೋದು. ಅದು ಪ್ರೀತಿ ಅಲ್ಲ, ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಸೂಪರ್ವೈಸರ್ ಮಾಡೋ ಕೆಲಸ. ನಮ್ಮ ಹೆಣ್ಮಕ್ಕಳಲ್ಲಿ ಗಾರ್ಮೆಂಟ್ಸ್‌ಗೆ ಹೋದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಂಥದಕ್ಕೆ ಕಾಯ್ದೆ ಕಟುವಾಗಿರಬೇಕು.

ಅಗ್ನಿವೀರರಿಗಂತೂ ಸೇರುವಾಗ ಮದುವೆ ಆಗಿರಬಾರದು, ಆ ನಾಲ್ಕು ವರ್ಷ ಆಗೋ ಹಂಗೂ ಇಲ್ಲ. ಒಪ್ಪಿ ರುಜು ಹಾಕೇ ಹೋಗೋದು. ಆದ್ರೆ ಮದುವೆ ಬೇರೆ, ಮನಸ್ಸು ಬೇರೆ. ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳನ್ನ ಒಂದೇ ಕಡೆ ಕಷ್ಟಕ್ಕೆ ಹಾಕಿ, ಒಬ್ಬರ ಜೀವ ಒಬ್ಬರು ಕಾಯ್ಕೋಬೇಕು ಅಂತ ಕಲಿಸಿ, ಒಬ್ಬರ ಮುಖ ಒಬ್ಬರು ನೋಡಬೇಡಿ ಅಂದ್ರೆ ಆಗುತ್ತಾ? 2021ರ ಮೇ 8ರಂದು ಬೆಂಗಳೂರಲ್ಲೇ, ಮಿಲಿಟ್ರಿ ಪೊಲೀಸ್ ಸೆಂಟರಲ್ಲಿ, ಮೊಟ್ಟಮೊದಲನೇ ಸಲ 83 ಜನ ಹೆಣ್ಮಕ್ಕಳು ಸೈನಿಕರಾಗಿ ತಯಾರಾಗಿ ಹೊರಗೆ ಬಂದ್ರು. 61 ವಾರ ತರಬೇತಿ. ಕೊರೋನಾ ಕಾಲ, ಅಪ್ಪ ಅಮ್ಮಂದಿರ ಸಡಗರ ಇಲ್ದೆ ಪೆರೇಡ್ ಆಯ್ತು. ಆ ಫೋಟೋ ಪೇಪರಲ್ಲಿ ನೋಡೇ ನಮ್ಮ ಹುಡುಗಿಗೆ ಈ ಆಸೆ ಹುಟ್ಟಿದ್ದು. ಅವಳು ಹೋಗೋದು ಡ್ಯೂಟಿಗೆ. ದಾರೀಲಿ ಯಾರೋ ಒಳ್ಳೆಯವನು ಸಿಕ್ಕಿದ್ರೆ ಅದು ಅವಳ ಪುಣ್ಯ. ನಾವೇ ಹುಡುಕಿ ಕೊಟ್ಟ ಗಂಡುಗಳೆಲ್ಲಾ ಬಾಳಿ ತೋರಿಸಿದಾರಾ, ಹೇಳಿ ನೋಡೋಣ!

ಈಗ ದನಿ ತಗ್ಗಿಸಿ ಹೇಳಿದ್ದ ಮಾತಿಗೆ ಬರ್ತೀನಿ.

ನಮ್ಮ ಸೋದರಮಾವ, ಅಮ್ಮನ ತಮ್ಮ, ಚಿಂತಾಮಣಿ ಕಡೆಯ ಹಳ್ಳಿಯವನು. ಮನೇಲಿ ತೆಲುಗು, ಹೊರಗೆ ಕನ್ನಡ. ಹತ್ತೊಂಬತ್ತಕ್ಕೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿಗೆ ಸೇರ್ಕೊಂಡ. ಮದ್ರಾಸ್ ಇಂಜಿನಿಯರ್ ಗ್ರೂಪ್. ಅಲ್ಲಿನ ಸಿಪಾಯಿಗಳನ್ನ "ತಂಬಿ" ಅಂತ ಕರೀತಾರೆ, ತಮಿಳಲ್ಲಿ ತಮ್ಮ ಅಂತ. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲದಲ್ಲಿ ಹೂತಿರೋ ಮೈನ್ ತೆಗೆಯೋದು ಅವರ ಕೆಲಸ. ಅವನ ಜೊತೇಲಿ ಗೌರಿಬಿದನೂರು ಕಡೆಯ ಒಬ್ಬ ಇದ್ದ. ಒಂದೇ ದಿನ ಸೇರಿದೋರು, ಒಂದೇ ಬ್ಯಾರಕ್ಕು, ರಜಕ್ಕೆ ಬಂದ್ರೆ ಒಟ್ಟಿಗೇ ರೈಲು. ಆ ಹುಡುಗ ಒಂದು ಸಲ ನಮ್ಮಜ್ಜಿ ಮನೇಲಿ ಹದಿನೈದು ದಿವಸ ಇದ್ದು ಕಡ್ಲೆಕಾಯಿ ಕಿತ್ತು ಕೊಟ್ಟಿದ್ದನಂತೆ. ಅಜ್ಜಿ ಕೊನೇವರೆಗೂ ಹೇಳೋಳು, "ನನ್ನ ಮಗನಿಗಿಂತ ಚೆನ್ನಾಗಿ ಕಿತ್ತ" ಅಂತ.

1971ರ ಡಿಸೆಂಬರಲ್ಲಿ ಯುದ್ಧ. ಮೂರನೇ ತಾರೀಕು ಶುರುವಾಗಿ ಹದಿನಾರಕ್ಕೆ ಮುಗೀತು. ಪಶ್ಚಿಮದ ಗಡೀಲಿ ಟ್ಯಾಂಕು ಹೋಗೋಕೆ ಮೊದಲು ಇವರು ಹೋಗಿ ಮೈನ್ ತೆಗೆದು ದಾರಿ ಮಾಡಿ ಕೊಡಬೇಕು. ಆ ಕೆಲಸದಲ್ಲಿ ಗೌರಿಬಿದನೂರಿನ ಹುಡುಗ ಹೋಗ್ಬಿಟ್ಟ. ಟೆಲಿಗ್ರಾಂ ಅವನ ತಾಯಿಗೆ ಬಂತು. ಅದು ಸರಿಯೇ, ತಾಯಿಗೇ ಬರಬೇಕು. ಆಕೆಗೆ ಓದೋಕೆ ಬರ್ತಿರಲಿಲ್ಲ, ಪೋಸ್ಟ್ ಮ್ಯಾನೇ ಓದಿ ಹೇಳಿ ಕೂತು ಅತ್ತನಂತೆ. ನಮ್ಮ ಮಾವನಿಗೆ ಟೆಲಿಗ್ರಾಂ ಬೇಕಾಗಿರಲಿಲ್ಲ, ಅವನು ಹತ್ತು ಮಾರು ದೂರದಲ್ಲಿದ್ದ.

ಅದೇ ಕಡೆಯವನು ಅಂತ ಹುಡುಗನ ಟ್ರಂಕನ್ನ ಮಾವನ ಕೈಲೇ ಊರಿಗೆ ಕಳಿಸಿದ್ರು. ತಾಯಿ ಒಳಗಿದ್ದ ಬಟ್ಟೆ ತಗೊಂಡು, "ಟ್ರಂಕು ನೀನೇ ಇಟ್ಕೋ ನಾಯನಾ" ಅಂದಳಂತೆ. ಅವತ್ತಿಂದ ಆ ಟ್ರಂಕು ನಮ್ಮಜ್ಜಿ ಮನೇಲಿ. ಮಾವ ಮದುವೆ ಆಗಲಿಲ್ಲ. ಬಂದ ಸಂಬಂಧಕ್ಕೆಲ್ಲಾ ಒಂದೊಂದು ನೆಪ. ಜಾತಕ ಕೂಡಲಿಲ್ಲ ಅಂತ ಅಜ್ಜಿ ಊರಿಗೆಲ್ಲಾ ಹೇಳ್ಕೊಂಡು ಬಂದಳು. ಪ್ರತಿ ಉಗಾದಿಗೆ ಗೌರಿಬಿದನೂರಿನ ಆ ತಾಯಿಗೆ ಒಂದು ಸೀರೆ, ಪ್ರತಿ ಡಿಸೆಂಬರಲ್ಲಿ ಒಂದು ದಿನ ಅಲ್ಲಿ ಊಟ. ನಾನು ಚಿಕ್ಕೋಳಿದ್ದಾಗ ಎರಡು ಸಲ ಜೊತೇಲಿ ಹೋಗಿದೀನಿ. ಆ ಅಜ್ಜಿ ಬಾಗಿಲಲ್ಲೇ ನಿಂತು "ವಚ್ಚಿನಾವಾ ನಾಯನಾ" ಅನ್ನೋದು, ಮಾವ ಮಾತಾಡದೆ ಆಕೆ ಕಾಲ ಹತ್ರ ಕೂತ್ಕೊಳ್ಳೋದು, ಇಬ್ಬರೂ ಹಂಗೇ ಇರೋದು. ನನಗೆ ಬೇಜಾರಾಗಿ ಹೊರಗೆ ಕೋಳಿ ಓಡಿಸೋಕೆ ಹೋಗ್ತಿದ್ದೆ.

ಆಕೆ ತೀರಿಕೊಂಡಾಗ ಮಾವ ಹೆಗಲು ಕೊಡೋಕೆ ಹೋದ. ಅಲ್ಲಿ ಯಾರೋ ನೆಂಟರು, "ನೀನ್ಯಾರಪ್ಪಾ, ನಿನಗೇನು ಸಂಬಂಧ?" ಅಂದ್ರಂತೆ. ಫ್ರೆಂಡು ಅಂದನಂತೆ. "ಫ್ರೆಂಡೆಲ್ಲಾ ಹಿಂದೆ ಬನ್ನಿ" ಅಂದ್ರಂತೆ. ಹಿಂದೆ ನಡ್ಕೊಂಡು ಹೋದ.

ನನ್ನ ಮದುವೆ ನಿಶ್ಚಯ ಆದಾಗ ಸಲಿಗೇಲಿ ಕೇಳಿದ್ದೆ, "ಮಾವ, ನೀನ್ಯಾಕೆ ಮದುವೆ ಆಗಲಿಲ್ಲ?" ಅಂತ. "ಆಯ್ತಲ್ಲಮ್ಮಣ್ಣಿ, ಆಗೋದೆಲ್ಲಾ ಆಯ್ತು" ಅಂದ, ಬೀಡಿ ಹಚ್ಚಿಕೊಂಡು ಎದ್ದು ಹೋದ. 2009ರಲ್ಲಿ ತೀರಿಕೊಂಡ.

ಅವರಿಬ್ಬರ ನಡುವೆ ಏನಿತ್ತು ಅಂತ ನಾನು ಹೇಳೋಕೆ ಬರಲ್ಲ. ಬರೀ ಸ್ನೇಹವೇ ಇರಬಹುದು. ಸ್ನೇಹಕ್ಕೇ ಅಷ್ಟು ತೂಕ ಇರೋ ಜನ ಅವ್ರೆ. ಆದ್ರೆ ಈ ಐವತ್ತು ದಾಟಿದ ವಯಸ್ಸಲ್ಲಿ ನನಗೆ ಅನ್ಸೋದು ಇಷ್ಟೇ: ನಮ್ಮ ಚಿಕ್ಕಮ್ಮ ಗಂಡನನ್ನ ಕಳಕೊಂಡಾಗ ಹೆಂಗಿದ್ದಳೋ ಮಾವ ಮೂವತ್ತೆಂಟು ವರ್ಷ ಹಂಗೇ ಇದ್ದ. ಚಿಕ್ಕಮ್ಮನ ಪಕ್ಕ ಎಲ್ರೂ ಬಂದು ಕೂತ್ರು. ಮಾವನ ಪಕ್ಕ ಯಾರೂ ಕೂರಲಿಲ್ಲ. ಕೂರೋಕೆ ಕಾರಣ ಐತೆ ಅಂತಾನೇ ನಮಗೆ ಗೊತ್ತಿರಲಿಲ್ಲ.

ಅವನಿಗೆ ಹೇಳ್ಕೊಳ್ಳೋಕೆ ಆಗ್ತಿತ್ತಾ? ಆಗ ಐಪಿಸಿ 377ನೇ ಕಲಂ ಇತ್ತು, ಜೈಲು. ಅದನ್ನ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ಕ್ಕೆ ಬಿಡಿಸ್ತು, ದೊಡ್ಡವರು ಇಬ್ಬರೂ ಒಪ್ಪಿ ಇದ್ರೆ ಅಪರಾಧ ಅಲ್ಲ ಅಂತ. ಆದ್ರೆ ಸೈನ್ಯಕ್ಕೆ 1950ರ ಆರ್ಮಿ ಆಕ್ಟು ಬೇರೆ ಐತೆ. ಅದರಲ್ಲಿ ಅಸಭ್ಯ, ಅಸಹಜ ನಡತೆಗೆ ಶಿಕ್ಷೆ ಅಂತ ಕಲಂ ಈಗಲೂ ಐತೆ. ಸೈನಿಕರ ಮೂಲಭೂತ ಹಕ್ಕಿಗೆ ಮಿತಿ ಹಾಕೋಕೆ ಸಂವಿಧಾನದ 33ನೇ ವಿಧಿ ಪಾರ್ಲಿಮೆಂಟಿಗೆ ಅಧಿಕಾರ ಕೊಟ್ಟೈತೆ. 2019ರ ಜನವರೀಲಿ ಆಗಿನ ಸೇನಾ ಮುಖ್ಯಸ್ಥರು ಜನರಲ್ ಬಿಪಿನ್ ರಾವತ್ ಪತ್ರಕರ್ತರ ಮುಂದೆ ಹೇಳಿದ್ರು, ಇದಕ್ಕೆಲ್ಲಾ ಸೈನ್ಯದಲ್ಲಿ ಅವಕಾಶ ಕೊಡಲ್ಲ ಅಂತ. ಮೇಜರ್ ಜೆ. ಸುರೇಶ್ ಅನ್ನೋ ಅಧಿಕಾರಿ ಕೆಲಸ ಬಿಟ್ಟು ಬಂದ ಮೇಲೆ ತಾನು ಗಂಡಸನ್ನ ಪ್ರೀತಿಸೋನು ಅಂತ 2020ರಲ್ಲಿ ಎಲ್ಲರ ಮುಂದೆ ಹೇಳ್ಕೊಂಡ್ರು. ಅವರ ಕಥೆಯಿಂದ ಪ್ರೇರಣೆ ತಗೊಂಡು ಓನಿರ್ ಅನ್ನೋ ನಿರ್ದೇಶಕರು ಸಿನಿಮಾ ಬರೆದ್ರು. ಸೈನ್ಯದ ಬಗ್ಗೆ ಸಿನಿಮಾ ಮಾಡೋಕೆ ರಕ್ಷಣಾ ಇಲಾಖೆ ಒಪ್ಪಿಗೆ ಬೇಕಲ್ಲ, 2022ರ ಜನವರೀಲಿ ಅದು ಸಿಗಲಿಲ್ಲ. ಸಿನಿಮಾದಲ್ಲೂ ಬೇಡ ಅಂತ.

ಸೈನ್ಯದವರು ಹೇಳೋದರಲ್ಲಿ ಒಂದು ಅಂಶ ನಾನು ಒಪ್ತೀನಿ. ಶಿಸ್ತು ಹೋದ್ರೆ ಜೀವ ಹೋಗುತ್ತೆ. ಬ್ಯಾರಕ್ಕಲ್ಲಿ ನೂರು ಜನ ಒಟ್ಟಿಗೆ ಮಲಗ್ತಾರೆ, ಅಲ್ಲಿ ಅದಕ್ಕೆ ತಕ್ಕ ನಡತೆ ಬೇಕು. ಆದ್ರೆ ಆ ನಿಯಮ ಗಂಡು ಹೆಣ್ಣು ಜೋಡಿಗೂ ಒಂದೇ ಇರಲಿ. ನಡತೆ ತಪ್ಪಿದ್ರೆ ಶಿಕ್ಷೆ ಕೊಡಿ. ಮನಸ್ಸಲ್ಲಿ ಇಂಥದ್ದೈತೆ ಅನ್ನೋದಕ್ಕೇ ಶಿಕ್ಷೆ ಯಾಕೆ? ಬ್ರಿಟಿಷರು ನಮಗೆ ಈ ಕಾಯ್ದೆ ಕಲಿಸಿ ಕೊಟ್ಟೋರು. ಅವರೇ 2000ರ ಜನವರೀಲಿ ತಮ್ಮ ಸೈನ್ಯದಲ್ಲಿ ಇಂಥವರ ಮೇಲಿದ್ದ ನಿಷೇಧ ತೆಗೆದ್ರು. 2023ರ ಜುಲೈಲಿ ಅವರ ಪ್ರಧಾನಿ ರಿಷಿ ಸುನಕ್, ನಮ್ಮ ಬೆಂಗಳೂರಿನ ಸುಧಾ ಮೂರ್ತಿಯವರ ಅಳಿಯ, ಹಳೇ ಸೈನಿಕರ ಹತ್ರ ಕ್ಷಮೆ ಕೇಳಿದ್ರು. ಕೆಲಸದಿಂದ ಕಿತ್ತು, ಪದಕ ಕಿತ್ಕೊಂಡು ಕಳಿಸಿದ್ರಂತೆ ಆ ಜನನ್ನ. ಅಮೆರಿಕಾದವರು 2011ರಲ್ಲಿ ತೆಗೆದ್ರು. ಅವರ ಸೈನ್ಯಗಳೇನೂ ಮುರಿದು ಬೀಳಲಿಲ್ಲ.

ಇಷ್ಟೆಲ್ಲಾ ನನಗೆ ಮಗ ಫೋನಲ್ಲಿ ತೋರಿಸಿದ್ದು. "ಅಮ್ಮ, ನೀನು ಯಾಕೆ ಇದೆಲ್ಲಾ ಕೇಳ್ತೀಯಾ" ಅಂದ. ಮಾವನ ಬಗ್ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಗ್ರೀಸ್ ದೇಶದ ಒಂದು ಹಳೇ ಸಂಗತಿ ಹುಡುಕಿ ಕೊಟ್ಟ. ಥೀಬ್ಸ್ ಅನ್ನೋ ಊರಲ್ಲಿ ಕ್ರಿಸ್ತ ಹುಟ್ಟೋಕೆ ಸುಮಾರು 378 ವರ್ಷ ಮುಂಚೆ 300 ಜನರ ಒಂದು ದಂಡು ಕಟ್ಟಿದ್ರಂತೆ. ಬರೀ ಜೋಡಿಗಳು, 150 ಜೋಡಿ, ಎಲ್ಲಾ ಗಂಡಸರೇ. ಪ್ರೀತಿಸೋನ ಎದುರಿಗೆ ಯಾರು ಹೇಡಿ ಥರ ಓಡ್ತಾನೆ ಅನ್ನೋದು ಅವರ ಲೆಕ್ಕ. ಸೋಲೇ ಕಾಣದ ಸ್ಪಾರ್ಟಾದವರನ್ನ ಸೋಲಿಸಿದ ಸೈನ್ಯದಲ್ಲಿ ಇವರೇ ಮುಂದೆ. ಕೊನೆಗೆ ಕ್ರಿ.ಪೂ. 338ರಲ್ಲಿ ಅಲೆಕ್ಸಾಂಡರನ ಅಪ್ಪ ಫಿಲಿಪ್ ಇವರನ್ನ ಕೈರೋನಿಯಾ ಅನ್ನೋ ಕಡೆ ಮುಗಿಸಿದ. ಗೆದ್ದೋನೇ ಹೆಣಗಳ ಮುಂದೆ ನಿಂತು ಕಣ್ಣೀರು ಹಾಕಿದ ಅಂತ ಪ್ಲುಟಾರ್ಕ್ ಬರೆದವ್ನೆ. ಅಲ್ಲಿ ಒಂದು ಕಲ್ಲಿನ ಸಿಂಹ ಐತೆ. ಅದರ ಹತ್ರ ಅಗೆದಾಗ ಸಾಲಾಗಿ ಮಲಗಿಸಿದ್ದ 254 ಅಸ್ಥಿಪಂಜರ ಸಿಕ್ಕಿದ್ವಂತೆ.

ಓದಿದಾಗ ನಮ್ಮ ಕಡೆ ವೀರಗಲ್ಲುಗಳು ನೆನಪಾದ್ವು. ಹೊಲದ ಬದೀಲಿ, ಕೆರೆ ಏರಿ ಮೇಲೆ ಎಷ್ಟು ಕಲ್ಲು ನೋಡಿಲ್ಲ ನಾವು. ಕೆಳಗೆ ಯುದ್ಧ, ಮಧ್ಯದಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಕೈಲಾಸ. ಮಂಡ್ಯ ಕಡೆ ಆತಕೂರಲ್ಲಿ ಹತ್ತನೇ ಶತಮಾನದ್ದು ಒಂದು ಕಲ್ಲು ಸಿಕ್ಕೈತೆ, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ. ಮಣಲೇರ ಅನ್ನೋ ವೀರನ ನಾಯಿ ಕಾಳಿ, ಕಾಡುಹಂದಿ ಜೊತೆ ಕಾದಾಡಿ ಸತ್ತಿತು ಅಂತ ಅದಕ್ಕೆ ನಿಲ್ಲಿಸಿದ ಕಲ್ಲು. ನಾಯಿಗೂ ಕಲ್ಲು ನಿಲ್ಲಿಸಿದ ಜನ ನಾವು. ಅಂಥಾ ಊರಲ್ಲಿ ಒಬ್ಬ ಮನುಷ್ಯ ತನ್ನವನು ಸತ್ತ ಅಂತ ಬಾಯಿ ಬಿಟ್ಟು ಅಳೋ ಹಂಗಿರಲಿಲ್ಲ.

ಇದು ಹಳೇ ಕಾಲದ ಮಾತಲ್ಲ. ಉಕ್ರೇನಲ್ಲಿ 2022ರಲ್ಲಿ ಯುದ್ಧ ಶುರುವಾದ ಮೇಲೆ ಇದೇ ಪ್ರಶ್ನೆ ಎದ್ದಿತು. ಅಲ್ಲಿ ಗಂಡು ಹೆಣ್ಣು ಸೈನಿಕರು ಸಮವಸ್ತ್ರದಲ್ಲೇ ಮದುವೆ ಮಾಡ್ಕೊಂಡು ಮಾರನೇ ದಿನ ಡ್ಯೂಟಿಗೆ ಹೋಗಿದ್ದು ಟೀವೀಲೇ ಬಂತು. ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಗಳಿಗೆ ಆ ದಾರಿ ಇರಲಿಲ್ಲ. ಒಬ್ಬ ಗಾಯ ಆಗಿ ಬಿದ್ರೆ ಆಸ್ಪತ್ರೇಲಿ ಇನ್ನೊಬ್ಬನನ್ನ ಒಳಗೆ ಬಿಡಲ್ಲ, ಸತ್ರೆ ಹೆಣ ಕೊಡಲ್ಲ. ನಮಗೂ ಮದುವೆ ಹಕ್ಕು ಕೊಡಿ ಅಂತ 25,000ಕ್ಕೂ ಜಾಸ್ತಿ ಜನ ರುಜು ಹಾಕಿ ಅಧ್ಯಕ್ಷ ಜೆಲೆನ್ಸ್ಕಿಗೆ ಕೊಟ್ರು. ಯುದ್ಧ ನಡೆಯೋವಾಗ ಸಂವಿಧಾನ ತಿದ್ದೋಕೆ ಆಗಲ್ಲ, ಬೇರೆ ದಾರಿ ನೋಡ್ತೀವಿ ಅಂತ ಅವರು ಆ ಆಗಸ್ಟಲ್ಲಿ ಉತ್ತರ ಕೊಟ್ರು. ಸಾಯೋಕೆ ಮಾತ್ರ ಯಾವ ತಿದ್ದುಪಡೀನೂ ಬೇಕಾಗಿಲ್ಲ ನೋಡಿ.

ನಮ್ಮಲ್ಲಿ 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟು ಇಂಥಾ ಮದುವೆ ಮಾನ್ಯ ಮಾಡೋದು ಪಾರ್ಲಿಮೆಂಟಿನ ಕೆಲಸ ಅಂದ್ಬಿಡ್ತು. ಅಲ್ಲಿಗೆ ಅದು ನಿಂತೈತೆ. ನಾನು ಮದುವೆ ಮಾಡಿಸಿ ಅಂತ ಕೇಳೋಕೆ ಹೊರಟಿಲ್ಲ, ನನಗೂ ಎಷ್ಟೋ ಇನ್ನೂ ಅರ್ಥ ಆಗಿಲ್ಲ, ಹೊಟ್ಟೇಲಿ ಒಂಥರಾ ಆಗುತ್ತೆ ಕೆಲವು ಸಲ. ಆದ್ರೆ ಸೈನಿಕ ಸೇರುವಾಗ ಹತ್ತಿರದವರು ಯಾರು ಅಂತ ಒಂದು ಹೆಸರು ಬರೆಸ್ಕೋತಾರಲ್ಲ, ಮದುವೆ ಆಗದೋನಿಗೆ ಅಪ್ಪ ಅಮ್ಮ, ಆದ ಮೇಲೆ ಹೆಂಡತಿ. ಆ ಕಾಗದದಲ್ಲಿ ಇನ್ನೊಂದು ಸಾಲು ಇರಲಿ. ದುಡ್ಡಿಗಲ್ಲ, ಪಿಂಚಣಿಗಲ್ಲ. ನನಗೇನಾದ್ರೂ ಆದ್ರೆ ಇವರಿಗೂ ತಿಳಿಸಿ, ಇವರನ್ನೂ ಹತ್ತಿರ ಬಿಡಿ ಅಂತ. ಅದು ಗೆಳತಿ ಇರಬಹುದು, ಗೆಳೆಯ ಇರಬಹುದು, ಜೊತೆ ಸಿಪಾಯಿ ಇರಬಹುದು, ಯಾಕೆ ಅಂತ ಯಾರೂ ಕೇಳೋದು ಬೇಡ. ಆ ಒಂದು ಸಾಲಿದ್ದಿದ್ರೆ ಗೌರಿಬಿದನೂರಿನ ಆ ಮನೆ ಮುಂದೆ ನಮ್ಮ ಮಾವನನ್ನ "ನೀನ್ಯಾರಪ್ಪಾ" ಅಂತ ಕೇಳೋರಿಗೆ ಒಂದು ಉತ್ತರ ಇರ್ತಿತ್ತು.

ಅವರೆಕಾಯಿ ದಿನ ಸಂಜೆ ಹುಡುಗಿ ಹತ್ರ ಹೋದೆ. ಹುಳ ಹಣ್ಣಾಗಿದ್ವು, ಚಂದ್ರಿಕೆಗೆ ಬಿಡ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಆರಿಸಿ ಕೊಟ್ಟೆ. "ಆ ಅತ್ತೆ ಹಂಗೇ, ಬಾಯಿ ಜಾಸ್ತಿ, ಮನಸ್ಸಿಗೆ ಹಾಕ್ಕೋಬೇಡ" ಅಂದೆ. "ನಾನು ಯಾರನ್ನೂ ಹುಡುಕೋಕೆ ಹೋಗ್ತಿಲ್ಲ ದೊಡ್ಡಮ್ಮ" ಅಂದಳು. "ಸಿಕ್ಕಿದ್ರೆ ನನಗೆ ಮೊದಲು ಹೇಳು, ನಿಮ್ಮಮ್ಮನಿಗೆ ನಾನು ಹೇಳ್ತೀನಿ. ಯಾರೇ ಆಗಿರಲಿ" ಅಂದೆ. ಹುಡುಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಹುಳ ಬಿಡೋಕೆ ಶುರು ಮಾಡಿ, "ನಿಮ್ಮ ಅಟ್ಟದ ಮೇಲೆ ಮಿಲಿಟ್ರಿ ಟ್ರಂಕು ಐತಲ್ಲ, ಸೆಲೆಕ್ಟ್ ಆದ್ರೆ ನನಗೆ ಕೊಡ್ತೀರಾ?" ಅಂತ ಕೇಳಿದಳು.

ಕೊಡ್ತೀನಿ ಅಂದಿದೀನಿ. ಚಿಲಕ ತುಕ್ಕು ಹಿಡಿದೈತೆ, ಬುಧವಾರ ಸಂತೆಗೆ ಹೋದಾಗ ಹಾಕಿಸಬೇಕು, ಬಣ್ಣಾನೂ ಹೊಡೆಸಬೇಕು. ಮುಚ್ಚಳದ ಮೇಲೆ ಬಿಳೀ ಅಕ್ಷರದಲ್ಲಿ ಆ ಗೌರಿಬಿದನೂರು ಹುಡುಗನ ನಂಬರು, ಹೆಸರು ಐತೆ, ಅರ್ಧ ಮಾಸಿದೆ. ಅದರ ಮೇಲೆ ಬಣ್ಣ ಹೊಡೀಬೇಡ ಅಂತ ಪೇಂಟರ್‌ಗೆ ಈಗಲೇ ಹೇಳಿಟ್ಟಿದೀನಿ. ಇವಳ ಹೆಸರು ಕೆಳಗೆ ಬರೆಸಿದ್ರಾಯ್ತು, ಜಾಗ ಐತೆ.